ಹೂವಿಗೆ ಕೈ ಹಚ್ಚದವಳು

ನಮ್ಮೂರ ಗುಡಿಯವ್ವ ತೀರಿಕೊಂಡ ವಾರದೊಳಗೆ ಊರ ಅಗಸೆಯಲ್ಲಿ ಒಂದು ಫ್ಲೆಕ್ಸ್ ಎದ್ದಿತು. ಅದರಲ್ಲಿ ಆಕೆಯ ಫೋಟೋ ಅಂಗೈಯಗಲದ್ದು, ಶ್ರದ್ಧಾಂಜಲಿ ಹೇಳುವವರ ಫೋಟೋಗಳು ಊಟದ ತಟ್ಟೆಯಗಲದವು. ನಡುವೆ ಜರಿ ಶಲ್ಯ ಹೊದ್ದು ಕೈಮುಗಿದು ನಿಂತವನು ನಮ್ಮ ದೊಡ್ಡಪ್ಪ, ಸುಂಕಲಮ್ಮನ ಗುಡಿ ಕಮಿಟಿಯ ಅಧ್ಯಕ್ಷ. ಕೆಳಗೆ ದಪ್ಪ ಅಕ್ಷರದಲ್ಲಿ ‘ಸಹನಾಮೂರ್ತಿ, ದೇವಿಯ ಆಜ್ಞಾಪಾಲಕಿ’ ಎಂದು ಬರೆಸಿದ್ದರು. ನಾನು ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಅದನ್ನು ಓದಿದೆ. ಸೀಟಿ ಊದುವುದು ಮರೆತುಹೋಯಿತು. ಡ್ರೈವರ್ ಕನ್ನಡಿಯಲ್ಲಿ ನೋಡಿ, “ಏನಾತ್ರಿ ಮೇಡಂ, ರೈಟ್ ಹೇಳ್ರಿ” ಎಂದು ಕೂಗಿದ ಮೇಲೆ ಎಚ್ಚರವಾಯಿತು.

ಸಿಟ್ಟು ನನ್ನ ಹುಟ್ಟುಗುಣ. ಬಳ್ಳಾರಿಯಿಂದ ಒಂದು ದಿನ ಕುರುಗೋಡು, ಒಂದು ದಿನ ಸಿರುಗುಪ್ಪ, ನಡುವೆ ಯಾವಾಗಲಾದರೂ ರಾರಾವಿ, ಈ ಬಿಸಿಲಿನ ಊರುಗಳ ನಡುವೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಕೊಡುವ ಹೆಂಗಸಿಗೆ ಸಿಟ್ಟಲ್ಲದೆ ಇನ್ನೇನು ಬರಬೇಕು? ಚಿಲ್ಲರೆ ಇಲ್ಲ ಎನ್ನುವವರ ಮೇಲೆ, ಬಾಗಿಲಿಗೆ ಜೋತುಬೀಳುವ ಕಾಲೇಜು ಹುಡುಗರ ಮೇಲೆ ದಿನವೂ ಅದನ್ನು ಖರ್ಚು ಮಾಡುತ್ತಲೇ ಇರುತ್ತೇನೆ. ಆದರೆ ಆ ಫ್ಲೆಕ್ಸ್ ನೋಡಿ ಬಂದದ್ದು ಆ ಜಾತಿಯ ಸಿಟ್ಟಲ್ಲ. ಗುಡಿಯವ್ವನನ್ನು ಗುಡಿಯಿಂದ ಹೊರಗೆ ಹಾಕಿದವರೇ ಆಕೆಯ ಸಹನೆಗೆ ಕೈಮುಗಿದು ನಿಂತಿದ್ದರು. ಅವರು ಬರೆಸದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ಆಕೆಯನ್ನು ಹೊಗಳಬೇಕೆಂದಲ್ಲ. ಆಕೆಯ ಮೇಲೂ ನನಗೆ ಬೇಕಾದಷ್ಟು ಸಿಟ್ಟಿದೆ.

ಆಕೆಗೊಂದು ಹೆಸರಿತ್ತು. ಊರಲ್ಲಿ ಯಾರೂ ಅದನ್ನು ಹಿಡಿದು ಕರೆಯಲಿಲ್ಲ, ನಾನೂ ಬರೆಯುವುದಿಲ್ಲ. ಗುಡಿಯ ಪೂಜೆ ಆಕೆಯ ಗಂಡನ ಮನೆತನದ್ದು. ಅಣ್ಣತಮ್ಮಂದಿರು ಪಾಳಿಯ ಮೇಲೆ ಮಾಡುತ್ತಿದ್ದರು. ಗಂಡ ಸತ್ತ ಮೇಲೆ ಅವನ ಪಾಳಿ ಈಕೆಗೆ ಬಂತು. ಉಳಿದವರು ಮೆಣಸಿನಕಾಯಿ ವ್ಯಾಪಾರ, ಟ್ರ್ಯಾಕ್ಟರು ಎಂದು ಹಿಡಿದು ಗುಡಿಯ ಕಡೆ ತಲೆ ಹಾಕದೆ ಹೋದದ್ದರಿಂದ ವರ್ಷಪೂರ್ತಿ ಈಕೆಯದೇ ಪಾಳಿಯಾಯಿತು. ಸಣ್ಣ ಮೈಯ ಹೆಂಗಸು. ನಡೆಯುವಾಗ ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು. ಹಣೆಯ ತುಂಬ ಭಂಡಾರ ಹಚ್ಚಿಕೊಳ್ಳುತ್ತಿದ್ದಳು. ಗಂಡ ಸತ್ತವಳು ಅರಿಶಿನ ಹಚ್ಚಬಹುದೇನು ಎಂದು ಯಾರೋ ಹಿರಿಯರು ಕೇಳಿದ್ದಕ್ಕೆ, “ಇದು ಗಂಡಂದಲ್ಲಪ್ಪ, ಅಮ್ಮಂದು. ಆಕಿ ಇನ್ನೂ ಗಟ್ಟಿ ಅದಾಳ” ಎಂದಿದ್ದಳಂತೆ.

ನಮ್ಮ ಕಡೆ ಹೂ ಕೇಳುವ ಪದ್ಧತಿ ಇದೆ. ಒಂದು ಕೆಲಸ ಮಾಡಬೇಕೋ ಬಿಡಬೇಕೋ ಎಂದು ತಿಳಿಯದವರು ಮಂಗಳವಾರವೋ ಶುಕ್ರವಾರವೋ ಬೆಳಿಗ್ಗೆ ಗುಡಿಗೆ ಬಂದು ಸುಂಕಲಮ್ಮನ ಮುಂದೆ ಬಾಯಿಬಿಟ್ಟು ಹೇಳುತ್ತಾರೆ. ಪೂಜಾರಿ ಎರಡು ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ ಅಮ್ಮನ ಎರಡು ಭುಜಕ್ಕೆ ಒಂದೊಂದು ಹಚ್ಚುತ್ತಾರೆ. ನೀರು ಆರಿದಂತೆ ಹೂವು ಬೀಳುತ್ತದೆ. ಬಲಭುಜದ್ದು ಮೊದಲು ಬಿದ್ದರೆ ಅಮ್ಮ ಒಪ್ಪಿದಳು, ಎಡದ್ದು ಬಿದ್ದರೆ ಬೇಡ ಎಂದಳು. ಎರಡೂ ಬೀಳದಿದ್ದರೆ ಕಾಯಬೇಕು. ಉತ್ತರ ಬರುವ ತನಕ ಕೇಳಿದವರು ಊಟ ಮಾಡುವಂತಿಲ್ಲ, ಪೂಜಾರಿ ನೀರನ್ನೂ ಮುಟ್ಟುವಂತಿಲ್ಲ. ಉತ್ತರ ಬಾರದೆ ಆ ಕೆಲಸಕ್ಕೆ ಕೈ ಹಾಕುವಂತೆಯೂ ಇಲ್ಲ.

ಪೂಜಾರಿ ಮನಸ್ಸು ಮಾಡಿದರೆ ಇದರಲ್ಲಿ ಎಷ್ಟು ಆಟ ಆಡಬಹುದು ಎಂಬುದು ಎಲ್ಲರಿಗೂ ಗೊತ್ತು. ಒಂದು ಕಡೆ ನೀರು ಕಡಿಮೆ, ಇನ್ನೊಂದು ಕಡೆ ಉಗುರಿನಷ್ಟು ಬೆಣ್ಣೆ, ಆರತಿ ಎತ್ತುವಾಗ ಬೆರಳ ತುದಿಯ ಒಂದು ಸೋಂಕು. ಕೆಲವು ಗುಡಿಗಳಲ್ಲಿ ಹೂವು ಯಜಮಾನರ ಕಣ್ಸನ್ನೆ ನೋಡಿಕೊಂಡೇ ಬೀಳುತ್ತದೆ ಎಂದು ನಮ್ಮೂರವರು ನಗುತ್ತಿದ್ದರು. ಗುಡಿಯವ್ವ ಹೂ ಹಚ್ಚಿದ ಮೇಲೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಲ್ಲರಿಗೂ ಕಾಣುವಂತೆ, ಅಮ್ಮನಿಂದ ಮಾರು ದೂರ ಕೂತುಬಿಡುತ್ತಿದ್ದಳು. ಆಕೆಯನ್ನು ನೆನೆದರೆ ನನಗೆ ಮೊದಲು ಕಾಣುವುದು ಹಾಗೆ ಕೂತ ಬೆನ್ನು, ಒಂದರೊಳಗೊಂದು ಹೆಣೆದ ಆ ಒರಟು ಬೆರಳು.

ಕಾಯುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಒಬ್ಬರು ಗಡಿಯಾರ ನೋಡಿಕೊಳ್ಳುತ್ತ, “ಬಸ್ ತಪ್ತೈತವ್ವ, ಜಲ್ದಿ ಆಗಂಗಿಲ್ಲೇನು?” ಎಂದರೆ, “ಗಡಿಬಿಡಿ ನಿಂದು, ಆಕೀದಲ್ಲ. ಆಕಿ ಯಾವ ಬಸ್ಸಿಗೂ ಹೋಗಾಕಿಲ್ಲ” ಎನ್ನುವಳು. ಆದರೆ ಬಂದವರು ಕೇಳಿದ್ದಕ್ಕೆಲ್ಲ ಹೂ ಹಚ್ಚುತ್ತಿರಲಿಲ್ಲ. ಪಿಯುಸಿ ಓದುವ ಒಬ್ಬ ಹುಡುಗ ತಾನು ಪಾಸಾಗುತ್ತೇನೋ ಎಂದು ಕೇಳಲು ಬಂದ.

“ಓದೀಯೇನು?” ಎಂದಳು.

“ಇಲ್ಲವ್ವ.”

“ಹಂಗಾರ ಹೂವಿಗ್ಯಾಕ ತ್ರಾಸು ಕೊಡ್ತಿ? ಉತ್ತರ ನಿನ್ನ ಕೈಯಾಗ ಐತಲ್ಲ, ತಗಂಡು ಮನಿಗೆ ನಡಿ.”

ಎದೆನೋವಿನ ಗಂಡನನ್ನು ಬಳ್ಳಾರಿಯ ದೊಡ್ಡ ದವಾಖಾನೆಗೆ ಸೇರಿಸಬೇಕೋ ಬೇಡವೋ ಎಂದು ಕೇಳಲು ಬಂದ ಹೆಂಗಸಿಗಂತೂ ಆರತಿ ತಟ್ಟೆ ಎತ್ತಿ ಹೊಡೆಯುವುದೊಂದು ಬಾಕಿ. “ಗೊತ್ತಿರೋದನ್ನ ಅಮ್ಮನ್ನ ಕೇಳಬಾರ್ದು. ಆಕಿ ಏನು ಬ್ಯಾಡ ಅಂದಾಳೇನು? ಎದ್ದೇಳು, ಗಾಡಿ ಮಾಡು” ಎಂದು ಗುಡಿಯ ಬಾಗಿಲಿಗೇ ಬೀಗ ಹಾಕಿ ಅವರ ಜತೆ ತಾನೂ ಹೊರಟುಬಿಟ್ಟಿದ್ದಳು.

ಇಷ್ಟು ತಿಳಿವಳಿಕೆ ಇದ್ದ ಹೆಂಗಸು ನನ್ನ ವಿಷಯದಲ್ಲಿ ಮಾತ್ರ ಯಾಕೆ ಆ ಮಾತು ಆಡಲಿಲ್ಲ? ನನ್ನ ಸಿಟ್ಟು ಹುಟ್ಟಿದ್ದು ಅಲ್ಲಿ.

ನಾನು ಹತ್ತನೆಯ ತರಗತಿಯ ಪರೀಕ್ಷೆ ಬರೆದು ಮುಗಿಸಿದ ಬೇಸಿಗೆ. ಅಪ್ಪ ಇರಲಿಲ್ಲ. ನಾನೂ ನನ್ನ ತಾಯಿಯೂ ದೊಡ್ಡಪ್ಪನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದೆವು. ದೊಡ್ಡಪ್ಪನಿಗೆ ಬಹುವಚನ ಹಚ್ಚಿ ಬರೆಯಲು ನನಗೆ ಕೈ ಬರುವುದಿಲ್ಲ, ಓದುವವರು ಕ್ಷಮಿಸಬೇಕು. ಆತ ಸಿರುಗುಪ್ಪದ ಕಡೆಯ ಒಬ್ಬ ರೈಸ್ ಮಿಲ್ ಸಾಹುಕಾರನ ಮನೆಯಿಂದ ನನಗೆ ಸಂಬಂಧ ತಂದ. ವರನಿಗೆ ನನ್ನ ಎರಡರಷ್ಟು ವಯಸ್ಸು. ಮೊದಲ ಹೆಂಡತಿ ಬಿಟ್ಟು ಹೋಗಿದ್ದಳು, ಯಾಕೆ ಹೋದಳು ಎಂದು ಯಾರೂ ಕೇಳಲಿಲ್ಲ. ದೊಡ್ಡಪ್ಪನಿಗೆ ಆಗ ಜಿಲ್ಲಾ ಪಂಚಾಯ್ತಿ ಚುನಾವಣೆಗೆ ನಿಲ್ಲುವ ಹುಚ್ಚು ಹತ್ತಿತ್ತು, ಆ ಸಾಹುಕಾರನ ಮಾತಿಗೆ ಅತ್ತ ನಾಲ್ಕಾರು ಊರಿನ ಓಟು ಬೀಳುತ್ತಿದ್ದವು. ಹದಿನೆಂಟು ತುಂಬದ ಹುಡುಗಿಯ ಮದುವೆ ಮಾಡಿದರೆ ಜೈಲು ಎಂದು ಪಂಚಾಯ್ತಿ ಗೋಡೆಯ ಮೇಲೆ ಬರೆದಿತ್ತು. ಆ ಗೋಡೆಗೆ ಒರಗಿ ನಿಂತೇ ಮಾತುಕತೆ ಮುಗಿಸಿದ್ದರು.

ನಾನು ಓದುತ್ತೇನೆ ಎಂದು ಅತ್ತೆ, ಊಟ ಬಿಟ್ಟೆ. “ಅಲ್ಲೇ ಓದು, ಯಾರ್ ಬ್ಯಾಡಂದ್ರು?” ಎಂದ ದೊಡ್ಡಪ್ಪ. ತಾಯಿ ನನ್ನ ತಲೆ ಸವರಿ, “ತಾಳ್ಕ ಮಗಳ” ಎಂದಳು. ಓಣಿಯ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಅದನ್ನೇ ಹೇಳಿ ಹೋದರು. ನಮ್ಮಲ್ಲಿ ತಾಳ್ಮೆ ಎನ್ನುವುದು ಯಾವಾಗಲೂ ಇನ್ನೊಬ್ಬರು ತಾಳಬೇಕಾದ್ದು. ಆದರೂ ನನ್ನ ತಾಯಿ ಒಂದು ಮಾತಿಗೆ ಜಗ್ಗದೆ ನಿಂತಳು. ಸುಂಕಲಮ್ಮನ ಹೂ ಆಗದೆ ಮಗಳನ್ನು ಕೊಡುವುದಿಲ್ಲ ಎಂದಳು. ದೊಡ್ಡಪ್ಪ ನಕ್ಕ. ಗುಡಿ ಕಮಿಟಿ ತನ್ನದೇ ಅಲ್ಲವೇ, ಹೂವೂ ತನ್ನದೇ ಎಂದುಕೊಂಡಿರಬೇಕು.

ಮಂಗಳವಾರ ಬೆಳಿಗ್ಗೆ ಗುಡಿಗೆ ಹೋದೆವು. ಸಿರುಗುಪ್ಪದವರು ಜೀಪಿನಲ್ಲಿ ಬಂದಿದ್ದರು. ಬಂದವರಲ್ಲಿ ವರನ ತಂದೆ ಆ ಸಾಹುಕಾರನೂ ಇದ್ದ. ಊರವರೂ ಸೇರಿದ್ದರು. ದೊಡ್ಡಪ್ಪ ಅಮ್ಮನ ಮುಂದೆ ನಿಂತು, “ಈ ಹುಡುಗೀನ ಸಿರುಗುಪ್ಪದವ್ರ ಮನಿಗೆ ಕೊಡಬೇಕಂತ ಮಾಡೀವಿ. ಅಪ್ಪಣಿ ಆಗ್ಬೇಕು” ಎಂದ. ಗುಡಿಯವ್ವ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಈಗ ಬೈಯುತ್ತಾಳೆ, ಗೊತ್ತಿರುವುದನ್ನು ಕೇಳಬಾರದು ಎಂದು ಇವರನ್ನೆಲ್ಲ ಅಟ್ಟುತ್ತಾಳೆ ಎಂದು ನಾನು ಕಾದು ನಿಂತಿದ್ದೆ. ಆಕೆ ತಿರುಗಿ ಎರಡು ಹೂವನ್ನು ನೀರಲ್ಲಿ ಅದ್ದಿದಳು. ಹಚ್ಚಿದಳು. ಹಿಂದೆ ಸರಿದು ಕೈ ಕಟ್ಟಿಕೊಂಡು ಕೂತಳು.

ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಒದ್ದೆ ಸೀರೆ ಒಣಗಲು ಹೊತ್ತು ಬೇಕಿಲ್ಲ, ಹೂವಿನ ನೀರು ಎಷ್ಟರದು? ಅವತ್ತು ಹೂವು ಬೀಳಲಿಲ್ಲ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು, ಬೀಳಲಿಲ್ಲ. ಸಾಹುಕಾರ ಟವೆಲ್ಲಿನಿಂದ ಬೀಸಿಕೊಳ್ಳುತ್ತ ತೆಲುಗಿನಲ್ಲಿ, “ಏಮಮ್ಮಾ, ಇಂಕಾ ಎಂತಸೇಪು?” ಎಂದು, ಇನ್ನೂ ಎಷ್ಟು ಹೊತ್ತು ಎಂದು ಕೇಳಿದ. ಗುಡಿಯವ್ವ ಕನ್ನಡದಲ್ಲೇ, “ಆಕೀಗೆ ತಿಳದಾಗ್ರಿ” ಎಂದಳು.

ದೊಡ್ಡಪ್ಪ ಮನೆಯಿಂದ ಟೇಬಲ್ ಫ್ಯಾನ್ ತರಿಸಿದ. “ಸೆಕಿ ಭಾಳ ಐತಿ, ಅಮ್ಮಗೂ ಗಾಳಿ ಬೇಕಲ್ಲ” ಎಂದು ಅದರ ಮುಖವನ್ನು ಅಮ್ಮನ ಬಲಭುಜಕ್ಕೆ ನೇರ ತಿರುಗಿಸಿ ಇಟ್ಟ. ಗುಡಿಯವ್ವ ಎದ್ದು ಹೋಗಿ ಸ್ವಿಚ್ ಆರಿಸಿ ಬಂದಳು.

“ನೀವು ಕೇಳಿದ್ದು ಅಮ್ಮನ್ನ, ಯಜಮಾನ್ರ. ಫ್ಯಾನಿನ ಅಪ್ಪಣಿ ಬೇಕಿದ್ರ ಮನ್ಯಾಗ ಕೇಳ್ಕೋರಿ.”

ಹಿಂದೆ ಕೂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಬೀಗರ ಮುಂದೆ ಆದ ಆ ನಗೆ ದೊಡ್ಡಪ್ಪನಿಗೆ ಸಹಿಸಲಾಗಲಿಲ್ಲ. ಆಕೆಯ ಹತ್ತಿರ ಬಗ್ಗಿ, ದನಿ ತಗ್ಗಿಸಿ, ಆದರೆ ನಮಗೆಲ್ಲ ಕೇಳುವಂತೆಯೇ, “ಪಾಳಿ ಯಾರಿಗೆ ಕೊಡ್ಬೇಕು ಅನ್ನೋದು ಕಮಿಟಿ ಕೈಯಾಗ ಐತಿ. ನೆನಪೈತಿಲ್ಲ?” ಎಂದ.

“ಐತ್ರಿ. ಪಾಳಿ ನಿಮ್ಮ ಕೈಯಾಗ. ಹೂವು ಆಕೀ ಕೈಯಾಗ. ನನ್ನ ಕೈಯಾಗ ಏನೂ ಇಲ್ಲ, ಅದಕ್ಕ ಹಿಂದ ಕಟ್ಕಂಡೀನಿ.”

ಮಧ್ಯಾಹ್ನ ಸಿರುಗುಪ್ಪದವರು ಎದ್ದರು. ಕೇಳಿದವರು ಉಪವಾಸ ಇರಬೇಕು ಎಂಬುದು ಅವರ ಲೆಕ್ಕಕ್ಕೇ ಇರಲಿಲ್ಲ. ಕುರುಗೋಡಿನಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿ ಬೇವಿನ ನೆರಳಲ್ಲಿ ಕೂತು ತಿಂದರು. ಅಮ್ಮನ ಅಪ್ಪಣೆ ಕೇಳಿದ ನಮ್ಮ ದೊಡ್ಡಪ್ಪನೂ ಅವರ ಮಧ್ಯೆಯೇ ಇದ್ದ. ತಾಯಿ ಅವರಿಗೆ ನೀರು ಕೊಡಲು ಹೋಗಿದ್ದಳು. ಗುಡಿಯೊಳಗೆ ನಾನು, ಗುಡಿಯವ್ವ, ಅಮ್ಮ, ಇಷ್ಟೇ ಜನ.

ನಾನು ಹತ್ತಿರ ಸರಿದೆ. “ಅವ್ವಾ, ಎಡಗಡಿದು ಒಂಚೂರು ಮುಟ್ಟು. ಯಾರೂ ನೋಡಾಕತ್ತಿಲ್ಲ.”

“ಆಕಿ ನೋಡಾಕತ್ಯಾಳಲ್ಲ.”

“ಆಕಿ ನನ್ನ ಕಡಿಗೆ ಇದ್ದಿದ್ರ ಇಷ್ಟೊತ್ತಿಗೆ ಬೀಳಿಸ್ತಿದ್ಲು. ನೀನಾರ ಬೀಳಿಸು. ನಿನ್ನ ಕಾಲು ಹಿಡೀತೀನಿ.” ಹಿಡಿದೆ ಕೂಡ. ಆಕೆಯ ಪಾದ ಬಿಸಿಯಾಗಿತ್ತು.

ಆಕೆ ಕೈ ಬಿಚ್ಚಲಿಲ್ಲ. “ಇವತ್ತು ನಿನ್ನ ಸಲುವಾಗಿ ಮುಟ್ಟಿದ್ರ, ನಾಳಿ ಅವ್ರು ಮುಟ್ಟು ಅಂದಾಗ ಬ್ಯಾಡ ಅನ್ನಾಕ ನನಗ ಯಾವ ಬಾಯಿ ಇರ್ತೈತಿ? ಕಾಯಬೇಕು ಮಗಳ. ನಮ್ಮ ಕೆಲಸ ಅದೊಂದ.”

“ನಿನ್ನ ಕೆಲಸ!” ಎಂದೆ. “ಮದುವಿ ನಂದು!”

ಆಕೆ ಅಮ್ಮನ ಕಡೆಗೆ ತಿರುಗಿದಳು. ಆ ಕ್ಷಣದಲ್ಲಿ ನಾನು ಆಕೆಯನ್ನು ದ್ವೇಷಿಸಿದಷ್ಟು ಗಾಢವಾಗಿ ಯಾರನ್ನೂ ದ್ವೇಷಿಸಿಲ್ಲ, ದೊಡ್ಡಪ್ಪನನ್ನೂ ಇಲ್ಲ. ಆತನದು ಸ್ವಾರ್ಥ, ಅದು ಅರ್ಥವಾಗುತ್ತಿತ್ತು. ಒಂದು ಬೆರಳು ತಾಗಿಸಿದರೆ ಒಬ್ಬ ಹುಡುಗಿ ಬದುಕುತ್ತಾಳೆ ಎಂದು ಗೊತ್ತಿದ್ದೂ ಬೆರಳು ಎತ್ತದವಳನ್ನು ಏನೆಂದು ಕರೆಯಬೇಕು?

ಸಂಜೆಯಾಯಿತು, ಹೂವು ಬೀಳಲಿಲ್ಲ. ಆಕೆ ದೀಪ ಹಚ್ಚಿ ಅಲ್ಲೇ ಉಳಿದಳು. ಸಿರುಗುಪ್ಪದವರು ನಮ್ಮ ಮನೆಯಲ್ಲಿ ಕೋಳಿ ಊಟ ಮಾಡಿ ಮಲಗಿದರು. ಮರುದಿನ ಬೆಳಿಗ್ಗೆ ದೊಡ್ಡಪ್ಪ ಬಂದವನೇ ಊರೆಲ್ಲರ ಮುಂದೆ, “ಬೆಣ್ಣಿ ಹಚ್ಚೀಯ, ಅದಕ್ಕ ಹಿಡ್ಕಂಡಾವು” ಎಂದ. ಗುಡಿಯವ್ವನ ತುಟಿಗಳು ಆಗಲೇ ಒಣಗಿ ಒಡೆದಿದ್ದವು. ಆಕೆ ವಾದಕ್ಕೆ ಇಳಿಯಲಿಲ್ಲ. “ಸ್ನಾನ ಮಾಡಿ ಬರ್ರಿ. ಅಮ್ಮನ್ನ ನೀವ ತೊಳೀರಿ, ಹೂ ನೀವ ಹಚ್ರಿ. ನಾ ಬಾಗಲಾಗ ಕುಂದ್ರತೀನಿ” ಎಂದಳು. ಆತ ಹಾಗೆಯೇ ಮಾಡಿದ. ಹಳೆಯ ಹೂ ತೆಗೆದು, ಸೀಗೆಪುಡಿ ಹಾಕಿ ಕಲ್ಲು ಉಜ್ಜಿದ. ಬಲಗಡೆಯ ಹೂವಿಗೆ ನೀರನ್ನು ಎಷ್ಟು ಕಡಿಮೆ ಅದ್ದಿದ ಎಂಬುದನ್ನು ಎಲ್ಲರೂ ನೋಡಿದರು, ಯಾರೂ ಏನೂ ಅನ್ನಲಿಲ್ಲ. ಆದರೂ ಎರಡೂ ಹಿಡಿದುಕೊಂಡೇ ಇದ್ದವು. ಅದು ಹೇಗೆ ಎಂದು ನನ್ನನ್ನು ಕೇಳಬೇಡಿ, ನನಗೆ ಗೊತ್ತಿಲ್ಲ.

ಬಿಸಿಲು ನೆತ್ತಿಗೆ ಬಂದಾಗ, ಬಾಗಿಲಲ್ಲಿ ಕೂತಿದ್ದ ಗುಡಿಯವ್ವ ಸದ್ದಿಲ್ಲದೆ ಪಕ್ಕಕ್ಕೆ ಒರಗಿದಳು. ಕಟ್ಟಿದ ಕೈ ಬಿಚ್ಚಿರಲಿಲ್ಲ, ಹಾಗಾಗಿ ಭುಜ ನೆಲಕ್ಕೆ ಬಡಿಯಿತು. ನನ್ನ ತಾಯಿ ಕೊಡ ಹಿಡಿದು ಓಡಿಬಂದಳು. ಹೆಂಗಸರೆಲ್ಲ ಮುತ್ತಿದರು. ಯಾರೋ ಮುಖಕ್ಕೆ ನೀರು ಚಿಮುಕಿಸಿದರು, ಯಾರೋ ಬಾಯಿಗೆ ಬಿಟ್ಟರು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, “ಹೂ ಬಿತ್ತೇನು?”

ಆಗ ಎಲ್ಲರೂ ತಿರುಗಿ ನೋಡಿದರು. ಎರಡೂ ಹೂವು ಅಮ್ಮನ ಪಾದದ ಹತ್ತಿರ ಬಿದ್ದಿದ್ದವು. ಯಾವುದು ಮೊದಲು ಬಿತ್ತು ಎಂದು ನೋಡಿದವರು ಒಬ್ಬರೂ ಇರಲಿಲ್ಲ. “ಬಲದ್ದ ಮೊದ್ಲು, ನಾ ನೋಡೀನಿ” ಎಂದ ದೊಡ್ಡಪ್ಪ. ಆತ ಜೀಪಿನ ಹತ್ತಿರ ಇದ್ದುದನ್ನು ಅರ್ಧ ಊರು ಕಂಡಿತ್ತು. ಗುಡಿಯವ್ವ ನೆಲದ ಮೇಲೆ ಮಲಗಿದ್ದಲ್ಲಿಂದಲೇ, “ಹಂಗಾರ ಉತ್ತರ ಇಲ್ಲ” ಎಂದು ಕಣ್ಣು ಮುಚ್ಚಿದಳು. ಸಾಹುಕಾರ ಟವೆಲ್ ಕೊಡವಿ ಎದ್ದ. “ಕೇಳಿದ ಹೊತ್ತಿನ್ಯಾಗ ಪೂಜಾರಿ ಬಿದ್ದಾಳ. ಇಂಥ ಸಂಬಂಧ ನಮಗ ಬ್ಯಾಡಪ್ಪ” ಎಂದ. ಜೀಪು ಧೂಳೆಬ್ಬಿಸಿ ಹೋಯಿತು. ಆಕೆಯನ್ನು ಕುರುಗೋಡಿನ ದವಾಖಾನೆಗೆ ಒಯ್ದು ಗ್ಲೂಕೋಸ್ ಏರಿಸಿದರು.

ನನ್ನ ತಾಯಿಗೆ ಎಲ್ಲಿಂದ ಧೈರ್ಯ ಬಂತೋ, ಅದೇ ತಿಂಗಳು ನನ್ನನ್ನು ಬಳ್ಳಾರಿಯ ಸೋದರಮಾವನ ಮನೆಗೆ ಕಳಿಸಿದಳು. ಅಲ್ಲಿ ಓದಿದೆ, ಈ ಕೆಲಸ ಹಿಡಿದೆ. ಗುಡಿಯವ್ವನಿಗೆ ಸಿಕ್ಕಿದ್ದು ಬೇರೆ. ಅಮ್ಮ ಆಕೆಯ ಮೇಲೆ ಮುನಿಸಿಕೊಂಡಿದ್ದಾಳೆ, ಅದಕ್ಕೇ ಉತ್ತರ ಕೊಡಲಿಲ್ಲ ಎಂದು ಕಮಿಟಿ ತೀರ್ಮಾನ ಮಾಡಿತು. ಪಾಳಿ ಕಸಿದುಕೊಂಡು ಆಕೆಯ ಮೈದುನನ ಮಗನಿಗೆ ಕೊಟ್ಟರು. ದೊಡ್ಡಪ್ಪನ ಕಣ್ಣು ಎತ್ತ ತಿರುಗುತ್ತದೋ ಅತ್ತ ಹೂವು ಬೀಳಿಸಬಲ್ಲ ಹುಡುಗ. ಆಕೆ ಗುಡಿಯ ಕೀಲಿಕೈ ಕಮಿಟಿಯ ಮುಂದೆ ಇಟ್ಟು, ಅಮ್ಮನಿಗೆ ಕೈಮುಗಿದು, ಒಂದು ಮಾತಾಡದೆ ಹೊರಟಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಸೇರಿದಳು. ಘಾಟಿಗೆ ಕಣ್ಣು ಸದಾ ಕೆಂಪಾಗಿರುತ್ತಿತ್ತು. ಮಂಗಳವಾರ ಬಂತೆಂದರೆ ಸ್ನಾನ ಮಾಡಿ ಬಂದು ಎಲ್ಲರ ಹಿಂದೆ ಸಾಲಿನಲ್ಲಿ ನಿಂತು, ಆ ಹುಡುಗನ ಕೈಯಿಂದ ತೀರ್ಥ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

ಒಮ್ಮೆ ರಜೆಗೆ ಊರಿಗೆ ಹೋದಾಗ ಅದನ್ನು ನೋಡಿ ನನ್ನ ಮೈ ಉರಿಯಿತು. ಗುಡಿಯ ಹೊರಗೆ ತಡೆದು ನಿಲ್ಲಿಸಿ, “ನಿನಗ ನಾಚ್ಕಿ ಆಗಂಗಿಲ್ಲೇನು? ಯಾಕ ಸುಮ್ಮನದಿ?” ಎಂದು ಕೇಳಿದೆ.

“ಗುಡಿ ಬಿಡಿಸ್ಯಾರ. ಅಮ್ಮನ್ನ ಬಿಡಿಸ್ಯಾರೇನು?” ಎಂದಳು, ನಗುತ್ತಲೇ.

ಆ ಉತ್ತರ ನನಗೆ ಇವತ್ತಿಗೂ ಹಿಡಿಸಿಲ್ಲ. ದೊಡ್ಡಪ್ಪನಂಥವರಿಗೆ ಬೇಕಾದ ಉತ್ತರ ಅದು. ಈಕೆ ಹೀಗೆ ಸುಮ್ಮನಿದ್ದದ್ದರಿಂದಲೇ ಅವರಿಗೆ ಸೊಂಪಾಗಿ ನಿದ್ದೆ ಬಂತು, ಇದನ್ನು ಸಹನೆ ಎಂದು ಕರೆದು ಫ್ಲೆಕ್ಸ್ ಹಾಕುವ ಧೈರ್ಯ ಬಂತು. ಒಂದು ಸಲ, ಒಂದೇ ಒಂದು ಸಲ ಗುಡಿಯ ಕಟ್ಟೆಯ ಮೇಲೆ ನಿಂತು ನಿಮ್ಮ ಬಾಯಿಗೆ ಮಣ್ಣು ಬೀಳಲಿ ಎಂದಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಆಕೆ ಅನ್ನಲಿಲ್ಲ.

ಆಕೆಯ ಜತೆ ನಾನು ಕೊನೆಯ ಸಲ ಕೂತು ಮಾತಾಡಿದ್ದು ಬಳ್ಳಾರಿಯ ಬಸ್ ಸ್ಟ್ಯಾಂಡಿನಲ್ಲಿ. ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ ಮೇಲೆ ಆಕೆ ಕಣ್ಣು ತೋರಿಸಲು ಆಗಾಗ ನನ್ನ ಬಸ್ಸಿನಲ್ಲೇ ಬರುತ್ತಿದ್ದಳು. ಗುರುತಿನವಳೆಂದು ನಾನು ಆಕೆಯನ್ನು ದಾಟಿ ಮುಂದೆ ಹೋದರೆ ಸೆರಗು ಹಿಡಿದು ಎಳೆಯುವಳು. “ನನಗೂ ಆ ಸೊನ್ನಿ ಟಿಕೆಟ್ ಹರಿ. ಚೀಟಿ ಇಲ್ದ ಕುಂದ್ರಾಕ ನಾನೇನು ನಿಮ್ಮ ದೊಡ್ಡಪ್ಪೇನು?” ಬಸ್ಸಿನ ತುಂಬ ನಗೆ. ಅವತ್ತು ನನಗೆ ಮುಂದಿನ ಟ್ರಿಪ್ಪಿಗೆ ಇನ್ನೂ ಹೊತ್ತಿತ್ತು. ಬೆಂಚಿನ ಮೇಲೆ ಕೂರಿಸಿ ಚಹಾ ಕೊಡಿಸಿದೆ. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಕೇಳಿಬಿಟ್ಟೆ.

“ಎದಿನೋವಿನವನ ಹೆಂಡ್ತಿನ್ನ ಬೈದು ಕಳಿಸಿದಿ. ನನ್ನ ಮದುವಿ ಕೇಳಾಕ ಬಂದವ್ರನ್ನ ಯಾಕ ಬೈಲಿಲ್ಲ? ಅದೂ ಗೊತ್ತಿರೋ ಮಾತಲ್ಲೇನು?”

ಆಕೆ ಚಹಾವನ್ನು ಊದುತ್ತ ಕೂತಳು. “ನನ್ನ ಮದುವಿ ಆದಾಗ ನಾ ನಿನಗಿಂತ ಸಣ್ಣಾಕಿ. ಇದ ಗುಡ್ಯಾಗ ಹೂ ಕೇಳಿ ಮಾಡಿದ್ರು. ಅದು ತಪ್ಪು ಅಂತ ನನಗ ಯಾರೂ ಹೇಳಿದ್ದಿಲ್ಲ. ಅವತ್ತು ನಿನ್ನ ಮಾರಿ ನೋಡಿದಾಗ ಏನೋ ಆತು. ಏನಂತ ತಿಳಿಯೋದ್ರಾಗ ಹೂ ಅದ್ದಿದ್ದೆ.”

“ಬಲಗಡಿದು ಬಿದ್ದಿದ್ರ ಏನ್ ಮಾಡ್ತಿದ್ದಿ?”

“ಬಲಕ್ಕ ಬಿತ್ತು ಅಂತ ಹೇಳ್ತಿದ್ದೆ.”

ಯೋಚನೆಯನ್ನೂ ಮಾಡಲಿಲ್ಲ, ನನ್ನ ಮುಖ ನೋಡಿಯೇ ಹೇಳಿದಳು.

“ನನ್ನ ಮಾರಿ ನೋಡಿದ ಮ್ಯಾಲೂ?”

“ಹೇಳ್ತಿದ್ದೆ ಮಗಳ. ಸುಳ್ಳು ಹೇಳಾಕ ನನಗ ಬರ್ತಿದ್ದಿಲ್ಲ.”

ನಾನು ಎದ್ದು ನಿಂತೆ. ಯೂನಿಫಾರ್ಮಿನಲ್ಲಿ ಇದ್ದೇನೆ, ಸುತ್ತ ಜನ ಇದ್ದಾರೆ ಎಂಬುದು ಮರೆತುಹೋಯಿತು. ನಿನ್ನ ಸತ್ಯಕ್ಕೆ ಬೆಂಕಿ ಬೀಳಲಿ ಎಂದೆ. ನೀನೂ ಅವರ ಜಾತಿಯವಳೇ, ಅವರು ಓಟಿಗೆ ನನ್ನನ್ನು ಕೊಡುತ್ತಿದ್ದರು, ನೀನು ಒಂದು ಕಲ್ಲಿಗೆ ಕೊಡುತ್ತಿದ್ದೆ ಎಂದೆ. ಸಿರುಗುಪ್ಪದ ಬಸ್ಸಿಗೆ ಕಾಯುತ್ತಿದ್ದವರು ಮೂಟೆ ಕೆಳಗಿಟ್ಟು ನಮ್ಮನ್ನೇ ನೋಡುತ್ತಿದ್ದರು. ಆಕೆ ಲೋಟ ಹಿಡಿದುಕೊಂಡು, ನಾನು ಮುಗಿಸುವ ತನಕ ಕೂತಿದ್ದಳು.

“ಮುಗೀತೇನು? ಇನ್ನೂ ಇದ್ರ ಬೈಯಿ” ಎಂದಳು. “ಎಲ್ಲಾರೂ ಕೈ ಮುಗೀತಾರ, ಬೈಯೋರು ಯಾರೂ ಇಲ್ಲ ನನಗ.” ಆಮೇಲೆ ನನ್ನ ಕೈ ಎಳೆದು ಕೂರಿಸಿದಳು. “ಆ ಎರಡು ದಿನ ನಾ ಸುಮ್ನ ಕುಂತಿದ್ದೆ ಅಂತ ತಿಳ್ಕಂಡೀಯೇನು? ಆಕೀ ಕೂಡ ಜಗಳಾಡಾಕತ್ತಿದ್ದೆ. ‘ಬಲಕ್ಕ ಬೀಳಿಸೋದಿದ್ರ ಬೀಳಿಸು. ನೀ ಹೇಳಿದ್ದು ನಾ ಕೇಳಾಕಿ, ನಿನ್ನ ಹೂವಿಗೆ ನಾ ಕೈ ಹಚ್ಚಾಕಿಲ್ಲ. ಆದ್ರ ಮೊದ್ಲು ನನ್ನ ತಗ. ನನ್ನ ಹೆಣ ಎತ್ತಿದ ಮ್ಯಾಲೆ ಯಾರ ಬಾಯಿಲೆ ಬೇಕಾದ್ರೂ ಹೇಳಿಸ್ಕ’ ಅಂತ ಹೇಳಿ ಕುಂತಿದ್ದೆ. ಸಾಯ್ತೀನಿ ಅಂತ ಮಾಡಿದ್ದೆ. ಆಕಿ ನನ್ನೂ ಒಯ್ಲಿಲ್ಲ, ಬಲಕ್ಕೂ ಬೀಳಿಸ್ಲಿಲ್ಲ.”

ಕುರುಗೋಡಿನ ಬಸ್ಸು ಬಂತು. ಆಕೆ ಲೋಟ ನನ್ನ ಕೈಗೆ ಕೊಟ್ಟು, ಕಾಲೆಳೆಯುತ್ತ ಹೋಗಿ ಹತ್ತಿದಳು. ಅದಾದ ಮೇಲೆ ಬಹಳ ದಿನ ಬದುಕಲಿಲ್ಲ.

ಆಕೆಯ ಮೇಲಿನ ನನ್ನ ಸಿಟ್ಟಿನಲ್ಲಿ ಅರ್ಧ ಆ ಬೆಂಚಿನ ಮೇಲೆಯೇ ಹೋಯಿತು. ದೊಡ್ಡಪ್ಪನ ಮೇಲಿನದು ಎಲ್ಲೂ ಹೋಗಿಲ್ಲ, ಹೋಗುವುದೂ ಬೇಡ. ಈಗ ನನ್ನ ಜಗಳ ಇರುವುದು ಸುಂಕಲಮ್ಮನ ಜತೆ. ತನ್ನ ಮಾತು ಮೀರದೆ ಇಡೀ ಆಯುಷ್ಯ ಕೈ ಕಟ್ಟಿ ಕೂತವಳು, ಒಬ್ಬ ಹುಡುಗಿಗಾಗಿ ಜೀವವನ್ನೇ ಮುಂದಿಟ್ಟು ಬೇಡಿಕೊಂಡಾಗ, ಎಡಭುಜದ ಒಂದು ಹೂವನ್ನು ಬೀಳಿಸಲು ಈ ಅಮ್ಮನಿಗೆ ಏನು ಕಷ್ಟವಿತ್ತು? ಅದಾದ ಮೇಲೆ ಗುಡಿಯವ್ವನನ್ನು ಹೊಸ್ತಿಲು ಇಳಿಸಿದಾಗ ಈ ಅಮ್ಮ ಎಲ್ಲಿ ನೋಡುತ್ತಿದ್ದಳು? ಬರುವ ಮಂಗಳವಾರ ನನಗೆ ಡ್ಯೂಟಿ ಇಲ್ಲ. ಊರಿಗೆ ಹೋಗುತ್ತೇನೆ. ಆ ಹುಡುಗನ ಕೈಯ ಹೂವು ನನಗೆ ಬೇಕಿಲ್ಲ, ಅಮ್ಮನೇ ಬಾಯಿಬಿಟ್ಟು ಹೇಳಲಿ. ಹೇಳುವ ತನಕ ನಾನು ಅಲ್ಲಿಂದ ಏಳುವುದಿಲ್ಲ.